ಡೌನಿಂಗ್ ಬೀದಿಯ ಹತ್ತನೆಯ ಮನೆ

ಮುಂಗೋಡೆಯನ್ನು ಕಂಡೊಡನೆಯೇ ಹಳೆಯ ಮನೆಯ ಕಾಲವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಲಂಡನ್ನಿನ ಡೌನಿಂಗ್ ಬೀದಿಯ ಹತ್ತನೆಯ ಮನೆ ಒಳ್ಳೆಯ ನಿದರ್ಶನ. ಬ್ರಿಟನ್ನಿನ ಪ್ರಧಾನಮಂತ್ರಿಗಳ ಈ ನಿವಾಸ ಹೊರನೋಟಕ್ಕೆ ಒಂದೇ ಮನೆ. ವಸ್ತುತಃ ಮೂರು ಮನೆಗಳ ಕೂಡಿಕೆ.

ಬೀದಿಯ ಕಡೆಯ ಭಾಗವನ್ನು ಸರ್ ಜಾರ್ಜ್ ಡೌನಿಂಗನು 1682–84ರಲ್ಲಿ ಲಾಭಕ್ಕಾಗಿ ಕಟ್ಟಿಸಿದನು. ನೆಲ ಮೆತ್ತನೆಯದು; ಅಸ್ತಿಭಾರಕ್ಕೆ ಆಳವಿರಲಿಲ್ಲ. ಮುಂದೆ ವಿಲಿಯಂ ಕೆಂಟನು ಇದನ್ನು ಹಿಂಬದಿಯ ದೊಡ್ಡ ಮನೆಯೊಡನೆ ಜೋಡಿಸಿದನು. ಪ್ರಥಮ ಪ್ರಧಾನಿಯೆನಿಸಿದ ವಾಲ್‌ಪೋಲನು 1735ರಲ್ಲಿ ಅಲ್ಲಿ ವಾಸಕ್ಕೆ ಬಂದನು. 1825–26ರಲ್ಲಿ ಸರ್ ಜಾನ್ ಸೋನನು ಕಮಾನು ಛಾವಣಿಯ ಭೋಜನಶಾಲೆಯನ್ನು ರಚಿಸಿದನು.

ಆದರೆ ಬುಡದ ದೋಷ ಉಳಿದೇ ಇತ್ತು. ಕಟ್ಟಡ ಅಪಾಯಕ್ಕೀಡಾಗಲು, 1960–63ರಲ್ಲಿ ವಾಸ್ತುಶಿಲ್ಪಿ ರೇಮಂಡ್ ಎರಿತನ ಮೇಲ್ವಿಚಾರಣೆಯಲ್ಲಿ ಪುನರ್ನಿರ್ಮಾಣ ನಡೆಯಿತು. ಕಪ್ಪೆಂದು ನಂಬಿದ್ದ ಇಟ್ಟಿಗೆಗಳು ನಿಜವಾಗಿ ಹಳದಿಯವೆಂದೂ ಆ ಕಪ್ಪು ನಗರದ ಹೊಗೆಯ ಮಸಿಯೆಂದೂ ಆಗ ತಿಳಿದುಬಂದಿತು. ಶುಚಿಗೊಳಿಸಿದ ಗೋಡೆಗೆ ಮತ್ತೆ ಕಪ್ಪು ಬಣ್ಣವನ್ನೇ ಬಳಿದರು. ಜನರು ಬಲ್ಲ ಮುಖ ಅದೇ ಆಗಿತ್ತು.

ಹಾಗಾದರೆ ಮನೆಯ ನಿಜರೂಪ ಯಾವುದು? ಹಳದಿ ಇಟ್ಟಿಗೆ ಗೋಡೆ ಕಟ್ಟಿದ ಕಾಲಕ್ಕೆ ಸಾಕ್ಷಿ, ಮಸಿ ಕಲ್ಲಿದ್ದಲಿನ ಯುಗಕ್ಕೆ ಸಾಕ್ಷಿ, ಬಣ್ಣ ಜನರ ನೆನಪಿಗೆ ಸಾಕ್ಷಿ. ಇವುಗಳಲ್ಲಿ ಒಂದನ್ನು ಮಾತ್ರ ದಿಟವೆನ್ನುವುದು ಇತಿಹಾಸಕ್ಕೆ ಸಲ್ಲದು. ನಮ್ಮ ಊರುಗಳ ಹಳೆಯ ಮನೆಗಳನ್ನು ಪರಿಶೀಲಿಸುವಾಗಲೂ ನಾವು ಪದರಪದರದ ಕಾಲವನ್ನು ಬೇರೆಬೇರೆಯಾಗಿ ಗುರುತಿಸಬೇಕು. ಅದನ್ನು ದುರಸ್ತಿಗೆ ಮೊದಲೇ ಬರೆದಿಡಬೇಕು. ಕೆರೆದುಹೋದ ಪದರ ಮರಳಿ ಸಾಕ್ಷಿ ಹೇಳಲಾರದು.