ಡೀಫಾಲ್ಟ್ ಎನ್‌ಕೋಡಿಂಗ್‌ನ ಬದಲಾವಣೆ: ಪೈಥಾನ್ ಭಾಷೆ ನಡೆದ ದಾರಿ

ಗಣಕವು ಅಕ್ಷರಗಳನ್ನು ಬೈಟ್ ಎಂಬ, 0ಯಿಂದ 255ರವರೆಗಿನ ಸಂಖ್ಯೆಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಬೈಟುಗಳು ಎಂಬ ಕಟ್ಟಳೆಗೆ ಎನ್‌ಕೋಡಿಂಗ್ ಎಂದು ಹೆಸರು; ಪ್ರೋಗ್ರಾಂ ಬರೆದವರು ಈ ಕಟ್ಟಳೆಯನ್ನು ಹೆಸರಿಸದೆ ಬಿಟ್ಟಾಗ ಪ್ರೋಗ್ರಾಮಿಂಗ್ ಭಾಷೆ ತಾನಾಗಿ ಹಿಡಿದುಕೊಳ್ಳುವುದೇ ಡೀಫಾಲ್ಟ್ ಎನ್‌ಕೋಡಿಂಗ್. ಇದನ್ನು ಬದಲಿಸುವುದೆಂದರೆ, ಎಂದೋ ಬರೆದು ಮುಗಿದು ಇಂದಿಗೂ ಕಚೇರಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಒಂದು ಸಾಲನ್ನೂ ಮುಟ್ಟದೆ ಅವುಗಳ ಅರ್ಥವನ್ನು ಬದಲಿಸುವುದೆಂದೇ ಆಗುತ್ತದೆ. ಪೈಥಾನ್ ಭಾಷೆ ಇಂಥ ಕೆಲಸಕ್ಕೆ ಎರಡು ಬಾರಿ ಕೈಹಾಕಿತು. ಮೊದಲ ಸಲ ತಿಂದ ಪೆಟ್ಟು ಎರಡನೆಯ ಸಲದ ನಿಧಾನಕ್ಕೆ ಕಾರಣವಾಯಿತೆಂದು ಅದರ ಚರಿತ್ರೆಯಿಂದ ಧಾರಾಳವಾಗಿ ಹೇಳಬಹುದು.

ಗ್ವಿಡೊ ವಾನ್ ರಾಸಮ್ 1991ರಲ್ಲಿ ಪೈಥಾನನ್ನು ಹೊರತಂದಾಗ ಅದರ ಪಠ್ಯವೆಂದರೆ ಬರಿಯ ಬೈಟುಗಳ ಸಾಲಾಗಿತ್ತು. ಅದಕ್ಕೆ ಸಹಜವಾಗಿದ್ದ ಎನ್‌ಕೋಡಿಂಗ್, ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಸೇರಿಸಿ 128 ಸ್ಥಾನಗಳಷ್ಟೇ ಇರುವ ಆಸ್ಕಿ. 2000ದಲ್ಲಿ ಬಂದ 2.0 ಆವೃತ್ತಿ, ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ಗಾಗಿ ಇನ್ನೊಂದು ಬಗೆಯ ಪಠ್ಯವನ್ನು ಸೇರಿಸಿ, ಹಳೆಯ ಬೈಟ್ ಪಠ್ಯವನ್ನೂ ಹಾಗೆಯೇ ಉಳಿಸಿಕೊಂಡಿತು. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಬೈಟುಗಳು ಆಸ್ಕಿಯೇ ಇರಬೇಕೆಂದು ಭಾಷೆ ತಾನೇ ಊಹಿಸಿ ಮುಂದುವರಿಯುತ್ತಿತ್ತು. ಹಳೆಯ ಪ್ರೋಗ್ರಾಂಗಳಿಗೆ ತೊಂದರೆಯಾಗದಿರಲೆಂದು ಮಾಡಿದ ಈ ಏರ್ಪಾಡು, ದೋಷವನ್ನು ತಡೆಯುವ ಬದಲು ಮುಂದೂಡಿತು: ಇಂಗ್ಲಿಷ್ ಹೆಸರುಗಳನ್ನು ಕೊಟ್ಟು ಪರೀಕ್ಷಿಸಿದ ಪ್ರೋಗ್ರಾಂ ವರ್ಷಗಟ್ಟಲೆ ಸರಿಯಾಗಿ ನಡೆದು, ಕನ್ನಡದಲ್ಲೋ ಜಪಾನಿಯಲ್ಲೋ ಬರೆದ ಮೊದಲ ಹೆಸರು ಒಳಬಂದ ದಿನ ನಿಂತುಹೋಗುತ್ತಿತ್ತು.

ಈ ಗೊಂದಲವನ್ನು ಬೇರುಸಮೇತ ಕೀಳಲೆಂದೇ 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0, ಬೈಟು ಬೇರೆ, ಪಠ್ಯ ಬೇರೆ ಎಂದು ಖಂಡಿತವಾಗಿ ವಿಭಜಿಸಿ, ಪ್ರೋಗ್ರಾಂ ಬರೆಯುವ ಕಡತದ ಡೀಫಾಲ್ಟನ್ನು ಆಸ್ಕಿಯಿಂದ ಯುಟಿಎಫ್-8ಕ್ಕೆ ಬದಲಿಸಿತು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಆಸ್ಕಿ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಅಕ್ಷರಕ್ಕೆ ಮೂರು. ಆಸ್ಕಿಯಲ್ಲಿ ಬರೆದದ್ದೆಲ್ಲ ಅದರಲ್ಲಿ ಹಾಗೆಯೇ ಸಿಂಧುವಾಗಿರುವುದರಿಂದ ಆ ಭಾಗದ ಬದಲಾವಣೆ ಸುಲಭವಾಗಿ ನಡೆಯಿತು. ಆದರೆ ಬೈಟು ಮತ್ತು ಪಠ್ಯದ ವಿಭಜನೆ ಅಷ್ಟು ಸಲೀಸಾಗಲಿಲ್ಲ. ಯೂನಿಕೋಡ್ ಪಠ್ಯವೆಂದು ಸೂಚಿಸಲು ಉದ್ಧರಣ ಚಿಹ್ನೆಯ ಹಿಂದೆ ಹಾಕುತ್ತಿದ್ದ 'ಯು' ಅಕ್ಷರವನ್ನು ಹೊಸ ಆವೃತ್ತಿ ಒಪ್ಪದಿದ್ದುದರಿಂದ, ಒಂದೇ ಪ್ರೋಗ್ರಾಂ ಎರಡೂ ಆವೃತ್ತಿಗಳಲ್ಲಿ ನಡೆಯುವಂತೆ ಬರೆಯುವುದೇ ಕಷ್ಟವಾಯಿತು. 2012ರ 3.3 ಆವೃತ್ತಿ ಆ ಅಕ್ಷರವನ್ನು ಮರಳಿ ಸೇರಿಸಿಕೊಂಡಿತು; ಇಷ್ಟು ಚಿಕ್ಕ ರಿಯಾಯಿತಿ ಮೊದಲ ದಿನವೇ ದೊರೆತಿದ್ದರೆ ಬಹಳ ಜನರ ಶ್ರಮ ಉಳಿಯುತ್ತಿತ್ತು. 2015ಕ್ಕೆ ಮುಗಿಯಬೇಕಾಗಿದ್ದ ಪೈಥಾನ್ 2ರ ಪೋಷಣೆಯನ್ನು 2020ರವರೆಗೆ ಮುಂದುವರಿಸಬೇಕಾಯಿತು.

ಇಷ್ಟಾದರೂ ಒಂದು ಬಾಗಿಲು ತೆರೆದೇ ಉಳಿದಿತ್ತು. ಎನ್‌ಕೋಡಿಂಗ್ ಹೆಸರಿಸದೆ ಕಡತವೊಂದನ್ನು ತೆರೆದರೆ ಪೈಥಾನ್ 3 ಕೂಡ ಆಯಾ ಗಣಕದ ಕಾರ್ಯಾಚರಣೆ ವ್ಯವಸ್ಥೆಯನ್ನೇ ಕೇಳುತ್ತಿತ್ತು. ಲಿನಕ್ಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂಬ ಉತ್ತರ ಬಂದರೆ, ವಿಂಡೋಸ್‌ನಲ್ಲಿ ಆಯಾ ಪ್ರದೇಶದ ಕೋಡ್ ಪೇಜ್, ಎಂದರೆ ಪ್ರದೇಶಕ್ಕೊಂದರಂತೆ ಮಾಡಿದ ಹಳೆಯ ಅಕ್ಷರಪಟ್ಟಿ, ಬರುತ್ತಿತ್ತು. ಜಪಾನಿಗೆ, ರಷ್ಯಾಕ್ಕೆ ಅಂಥ ಪಟ್ಟಿಗಳಿದ್ದವು. ಕನ್ನಡಕ್ಕೆ ಹೀಗೆ ಡೀಫಾಲ್ಟಾಗಬಲ್ಲ ಕೋಡ್ ಪೇಜನ್ನು ವಿಂಡೋಸ್ ಎಂದೂ ಕೊಡಲಿಲ್ಲ. ಹೀಗಾಗಿ ಇಂಗ್ಲಿಷ್ ವಿಂಡೋಸ್ ಬಳಸುವ ಕನ್ನಡಿಗನ ಗಣಕದಲ್ಲಿ ಪಶ್ಚಿಮ ಯುರೋಪಿಗೆಂದು ಮಾಡಿದ 1252 ಎಂಬ ಪಟ್ಟಿಯೇ ಡೀಫಾಲ್ಟಾಗಿ ಕೂತಿರುತ್ತಿತ್ತು.

ಇದರ ಪರಿಣಾಮವನ್ನು ಎರಡು ಪದಗಳಲ್ಲಿ ನೋಡಬಹುದು. ಯುಟಿಎಫ್-8ರಲ್ಲಿ 'ಕ' ಅಕ್ಷರ 224, 178, 149 ಎಂಬ ಮೂರು ಬೈಟು. ಇವನ್ನು 1252ರ ಪ್ರಕಾರ ಓದಿದರೆ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಮೇಲೇರಿಸಿ ಬರೆದ ಚಿಕ್ಕ 2, ಒಂದು ದಪ್ಪ ಚುಕ್ಕೆ ಕಾಣುತ್ತವೆ. 'ಕಮಲ' ಎಂಬ ಪದದ ಒಂಬತ್ತೂ ಬೈಟುಗಳು ಹೀಗೆ ಸದ್ದಿಲ್ಲದೆ ಕಲಸಿಹೋಗುತ್ತವೆ, ಪ್ರೋಗ್ರಾಂ ದೂರುವುದಿಲ್ಲ. 'ಕನ್ನಡ' ಎಂಬ ಪದದಲ್ಲಾದರೋ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯಿದೆ. ಅದರ ಮೂರನೆಯ ಬೈಟಾದ 141ಕ್ಕೆ 1252ರಲ್ಲಿ ಯಾವ ಅಕ್ಷರವೂ ಇಲ್ಲದ ಕಾರಣ ಪೈಥಾನ್ ಅಲ್ಲಿಗೇ ನಿಲ್ಲುತ್ತದೆ. ಇಂಥ ಬೈಟಿಲ್ಲದ ಕಡತ ಕೆಟ್ಟು ಓದಿಸಿಕೊಂಡು, ಅದಿರುವ ಕಡತ ಓದಲೇ ಬಾರದೆ ಹೋಗುವ ಈ ವರ್ತನೆಯ ಹಿಂದಿನ ಕಾರಣವನ್ನು ಹೊಸಬರು ಪತ್ತೆಹಚ್ಚುವುದು ಸುಲಭವಲ್ಲ.

ಹಾಗೆಂದು ಡೀಫಾಲ್ಟನ್ನು ಒಂದೇ ಏಟಿಗೆ ಬದಲಿಸಿದ್ದರೆ, ಜಪಾನಿನ ಕೋಡ್ ಪೇಜ್‌ನಲ್ಲಿ ದಶಕಗಳ ಕಾಲ ಬರೆದಿಟ್ಟ ಕಡತಗಳನ್ನು ಓದುವ ಪ್ರೋಗ್ರಾಂಗಳು ಮುರಿಯುತ್ತಿದ್ದವು. ಆದ್ದರಿಂದ ಈ ಬಾರಿ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲಾಯಿತು. 2016ರ 3.6ರಲ್ಲಿ ವಿಂಡೋಸ್‌ನ ಕನ್ಸೋಲ್ ಮತ್ತು ಕಡತದ ಹೆಸರುಗಳು ಯುಟಿಎಫ್-8ಕ್ಕೆ ಬಂದವು, 2018ರ 3.7ರಲ್ಲಿ, ಬಯಸಿದವರು ಎಲ್ಲೆಡೆ ಯುಟಿಎಫ್-8ನ್ನೇ ಬಳಸಬಲ್ಲ ವಿಶೇಷ ವಿಧಾನ ಬಂದಿತು. ಬಹುಮುಖ್ಯವಾದ ಮೆಟ್ಟಿಲು 2021ರ 3.10ರದು. ಎನ್‌ಕೋಡಿಂಗ್ ಹೆಸರಿಸದೆ ಕಡತ ತೆರೆಯುವ ಸಾಲುಗಳನ್ನು ತೋರಿಸಿಕೊಡುವ ಎಚ್ಚರಿಕೆಯನ್ನು, ಕೇಳಿದವರಿಗೆ ಮಾತ್ರ ಕಾಣುವಂತೆ, ಅದು ಸೇರಿಸಿತು. ಜೊತೆಗೆ, ಗಣಕದ ಹಳೆಯ ಪಟ್ಟಿಯೇ ನಿಜವಾಗಿ ಬೇಕಾದವರು ಅದನ್ನು 'ಲೊಕೇಲ್' ಎಂದು ಬಾಯಿಬಿಟ್ಟು ಹೇಳುವ ಅವಕಾಶವನ್ನೂ ಕೊಟ್ಟಿತು. ಅದುವರೆಗೆ ಮೌನವೇ ಸಮ್ಮತಿಯಾಗಿದ್ದ ಕಡೆ, ಹಳೆಯ ಬಯಕೆಯನ್ನು ಬರೆದು ಹೇಳಲು ಒಂದು ಹೆಸರು ಸಿಕ್ಕಿದ್ದೇ ಈ ಬದಲಾವಣೆಯ ಜೀವಾಳ. ಇದಾದ ಮೇಲಷ್ಟೇ, 2022ರಲ್ಲಿ, ಜಪಾನಿನವರೇ ಆದ ಇನಾದ ನವೋಕಿಯವರ ಪ್ರಸ್ತಾವವನ್ನು ಒಪ್ಪಿ, 3.15ನೆಯ ಆವೃತ್ತಿಯಿಂದ ಯುಟಿಎಫ್-8 ಡೀಫಾಲ್ಟಾಗಬೇಕೆಂದೂ, ಬೇಡವಾದವರು ಅದನ್ನು ನಿಷ್ಕ್ರಿಯಗೊಳಿಸಬಹುದೆಂದೂ ನಿರ್ಧರಿಸಲಾಯಿತು.

ಈ ದಾರಿ ಹಿಡಿದದ್ದು ಪೈಥಾನ್ ಮಾತ್ರವಲ್ಲ: ಅದೇ 2022ರ ಮಾರ್ಚ್‌ನಲ್ಲಿ ಜಾವಾ ಭಾಷೆಯ 18ನೆಯ ಆವೃತ್ತಿಯೂ ಯುಟಿಎಫ್-8ನ್ನು ಡೀಫಾಲ್ಟಾಗಿಸಿ, ಹಳೆಯ ವರ್ತನೆಗೆ ಮರಳುವ ಒಂದು ಆಯ್ಕೆಯನ್ನು ಉಳಿಸಿಕೊಂಡಿತು.

ಕನ್ನಡದ ಮಟ್ಟಿಗೆ ಪೈಥಾನಿನ ಈ ಬದಲಾವಣೆಯಿಂದ ತೊಡಕಾಗುವುದು ಮುಖ್ಯವಾಗಿ ಒಂದು ಕಡೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಿಂದ ಬೆರಳಚ್ಚಿಸಿದ ಅಪಾರ ಬರಹ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ರೂಪದಲ್ಲಿ ಉಳಿದಿದೆ. ಅದರಲ್ಲಿ 'ಕ' ಎಂದರೆ ರೋಮನ್ ದೊಡ್ಡ 'ಪಿ'ಯ ಬೈಟು, ಅದರ ಮುಂದೆ 192. ಈ 192 ಎಂಬ ಬೈಟು ಯುಟಿಎಫ್-8ರಲ್ಲಿ ಎಲ್ಲಿಯೂ ಬರುವಂತಿಲ್ಲ. ಆದುದರಿಂದ ಅಂಥ ಕಡತವನ್ನು 1252ರ ಡೀಫಾಲ್ಟನ್ನೇ ನಂಬಿ ಓದಿ ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಂ ಹೊಸ ಡೀಫಾಲ್ಟಿನಲ್ಲಿ ಇಂಥ ಬೈಟು ಬಂದೊಡನೆ ನಿಲ್ಲುತ್ತದೆ. ಕಡತ ತೆರೆಯುವ ಸಾಲಿನಲ್ಲಿ 1252 ಎಂದು ಹೆಸರಿಸಿದರೆ ಮೊದಲಿನಂತೆಯೇ ನಡೆಯುತ್ತದೆ.