ಟ್ರಸ್ಟ್: ಒಂದು ಪದದ ಹಿಂದಿರುವ ಹೊಣೆ

ಬಸದಿಯ ಆಡಳಿತ, ವಿದ್ಯಾರ್ಥಿನಿಲಯ, ಧರ್ಮಶಾಲೆ, ಗ್ರಂಥಮಾಲೆ ಮೊದಲಾದ ಎಷ್ಟೋ ಕಾರ್ಯಗಳು ಇಂದು ಟ್ರಸ್ಟಿನ ಹೆಸರಿನಲ್ಲಿ ನಡೆಯುತ್ತಿವೆ. ರಸೀತಿ ಪುಸ್ತಕದಲ್ಲಿ, ಬ್ಯಾಂಕಿನ ಖಾತೆಯಲ್ಲಿ ಈ ಪದ ನಿತ್ಯವೂ ಕಣ್ಣಿಗೆ ಬೀಳುತ್ತದೆ. ಕನ್ನಡದ ವ್ಯವಹಾರದಲ್ಲಿ ಅದು ಸಂಸ್ಥೆಯೊಂದರ ಹೆಸರು. ಇಂಗ್ಲಿಷಿನಲ್ಲಿಯಾದರೋ ಅದು ಮೊದಲು ಮನಸ್ಸಿನ ಒಂದು ಭಾವದ ಹೆಸರಾಗಿದ್ದಿತು. ಭಾವದಿಂದ ಆಸ್ತಿಯವರೆಗೆ ಆ ಪದ ನಡೆದುಬಂದ ದಾರಿಯನ್ನು ಅರಿತರೆ, ಟ್ರಸ್ಟಿ ಎನಿಸಿಕೊಂಡವರ ಹೊಣೆಯ ಸ್ವರೂಪವೂ ಸ್ಪಷ್ಟವಾಗುತ್ತದೆ.

ಸುಮಾರು ಎಂಟು ಶತಮಾನಗಳ ಹಿಂದೆ ಉತ್ತರ ಯುರೋಪಿನ ನಾರ್ಸ್ ಭಾಷೆಯ ‘ಟ್ರೌಸ್ಟ್’ ಎಂಬ ಶಬ್ದದಿಂದ ಇದು ಇಂಗ್ಲಿಷಿಗೆ ಬಂದಿತು. ಅಲ್ಲಿ ಅದಕ್ಕೆ ಭರವಸೆ, ಆಸರೆ, ರಕ್ಷಣೆ ಎಂಬ ಅರ್ಥಗಳಿದ್ದವು. ಸಮಾಧಾನವೆಂಬರ್ಥದ ಜರ್ಮನ್ ಪದ ‘ಟ್ರೋಸ್ಟ್’ ಮತ್ತು ಸತ್ಯವೆಂಬರ್ಥದ ಇಂಗ್ಲಿಷ್ ಪದ ‘ಟ್ರೂ’ ಇದರ ಬಂಧುಗಳು. ಇವೆಲ್ಲವುಗಳ ಮೂಲ ಧಾತುವಿಗೆ ‘ದೃಢವಾದುದು’ ಎಂಬ ಅರ್ಥವಿದ್ದು, ಸಂಸ್ಕೃತದ ‘ದಾರು’, ‘ದ್ರುಮ’ ಶಬ್ದಗಳೂ ಅದೇ ಕುಲಕ್ಕೆ ಸೇರಿದವೆಂದು ಹಲವು ಭಾಷಾವಿಜ್ಞಾನಿಗಳು ಭಾವಿಸುತ್ತಾರೆ. ಮರದಂತೆ ಅಲುಗದೆ ನಿಲ್ಲುವುದು, ನಿಜವಾಗಿರುವುದು, ಇನ್ನೊಬ್ಬರಿಗೆ ಆಸರೆಯಾಗುವುದು ಇವು ಮೂರೂ ಒಂದೇ ಬೇರಿನಿಂದ ಬಂದಿರುವುದು ಅರ್ಥಪೂರ್ಣವಾಗಿದೆ.

ಇದರ ಪರ್ಯಾಯಪದಗಳಾದ ‘ಫೇಯ್ತ್’, ‘ಕಾನ್ಫಿಡೆನ್ಸ್’ ಎರಡೂ ಲ್ಯಾಟಿನ್ನಿನ ಒಂದೇ ಮೂಲದವು. ‘ಕ್ರೆಡಿಟ್’ ಎಂಬುದು ನಮ್ಮ ‘ಶ್ರದ್ಧಾ’ ಶಬ್ದದ ದೂರದ ಸೋದರಿ. ಕನ್ನಡದಲ್ಲಿ ನಂಬಿಕೆ, ನೆಚ್ಚಿಕೆ, ವಿಶ್ವಾಸ, ಭರವಸೆ ಎಂಬ ಪದಗಳುಂಟು. ಆದರೆ ಮನಸ್ಸಿನ ನಂಬಿಕೆಯನ್ನೂ ಕೈಯಲ್ಲಿರಿಸಿದ ಒಡವೆಯನ್ನೂ ಒಟ್ಟಾಗಿ ಸೂಚಿಸುವ ‘ಟ್ರಸ್ಟ್’ ಪದಕ್ಕೆ ಹತ್ತಿರವಾದುದು ‘ನ್ಯಾಸ’.

ಪದಕ್ಕೆ ಆಸ್ತಿಯ ಅರ್ಥ ಕೂಡಿಬಂದ ಬಗೆಯಲ್ಲಿ ಅಪರಿಗ್ರಹದ ನೆರಳಿದೆ. ಸಂತ ಫ್ರಾನ್ಸಿಸರ ಅನುಯಾಯಿಗಳಾದ ಕ್ರೈಸ್ತ ಭಿಕ್ಷುಗಳು 1224ರಲ್ಲಿ ಇಂಗ್ಲೆಂಡಿಗೆ ಬಂದರು. ಅವರ ನಿಯಮದಂತೆ ಮನೆಯನ್ನಾಗಲಿ ನೆಲವನ್ನಾಗಲಿ ತಮ್ಮದೆನ್ನುವಂತಿರಲಿಲ್ಲ. ಆದುದರಿಂದ ದಾನಿಗಳು ಭೂಮಿಯನ್ನು ಬೇರೆಯವರ ಹೆಸರಿಗೆ ಬರೆದು, ಭಿಕ್ಷುಗಳ ಉಪಯೋಗಕ್ಕೆ ಬಿಡುತ್ತಿದ್ದರು. ಗೃಹಸ್ಥರೂ ಹಲವು ಕಾರಣಗಳಿಂದ ಈ ಕ್ರಮವನ್ನು ಅನುಸರಿಸಿದರು. ಅರಸನಿಗೆ ಸಲ್ಲಬೇಕಾದ ಕಾಣಿಕೆಗಳನ್ನು ತಪ್ಪಿಸಿಕೊಳ್ಳುವುದೂ ಅವುಗಳಲ್ಲೊಂದು. ಈ ಏರ್ಪಾಟಿಗೆ ಆಗ ‘ಯೂಸ್’ ಎಂಬ ಹೆಸರಿದ್ದಿತು.

ಹೆಸರು ಹೊಂದಿದವನು ಮಾತಿಗೆ ತಪ್ಪಿದರೆ ಸಾಮಾನ್ಯ ನ್ಯಾಯಾಲಯ ನೆರವಾಗುತ್ತಿರಲಿಲ್ಲ. ಪತ್ರದಲ್ಲಿ ಯಾರ ಹೆಸರಿದೆಯೋ ಅವನೇ ಅದರ ದೃಷ್ಟಿಯಲ್ಲಿ ಒಡೆಯ. ನೊಂದವರು ಅರಸನ ಛಾನ್ಸಲರನ ಮೊರೆಹೊಕ್ಕರು. ಅವನ ನ್ಯಾಯಪೀಠವು ಅಂತಃಸಾಕ್ಷಿಯನ್ನು ಪ್ರಶ್ನಿಸುತ್ತಿದ್ದಿತು. ‘ಭೂಮಿ ನಿನ್ನ ಹೆಸರಿನಲ್ಲಿರಬಹುದು, ಆದರೆ ಯಾರಿಗಾಗಿ ಅದನ್ನು ಪಡೆದೆ?’ ಎಂಬುದೇ ಆ ಪ್ರಶ್ನೆಯ ಸಾರ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1536ರಲ್ಲಿ, ‘ಯೂಸ್’ಗಳನ್ನು ನಿರ್ಬಂಧಿಸುವ ಶಾಸನವಾಯಿತು. ಅದರ ಹಿಡಿತಕ್ಕೆ ಸಿಗದೆ ಉಳಿದ ಏರ್ಪಾಟುಗಳಿಗೆ ಕ್ರಮೇಣ ‘ಟ್ರಸ್ಟ್’ ಎಂಬ ಹೆಸರೇ ನಿಂತಿತು. 1601ರ ಧರ್ಮಾರ್ಥ ಶಾಸನವು ವೃದ್ಧರ, ದರಿದ್ರರ, ಶಾಲೆಗಳ, ಸೇತುವೆಗಳ ಸಲುವಾಗಿ ಕೊಟ್ಟ ದಾನಗಳನ್ನು ಹೆಸರಿಸಿತು. ಅಂತಹ ದಾನಗಳ ದುರುಪಯೋಗವನ್ನು ವಿಚಾರಿಸಿ ಸರಿಪಡಿಸುವುದೇ ಅದರ ಉದ್ದೇಶವಾಗಿತ್ತು.

ಇದೇ ಪದ ಕೆಟ್ಟ ಹೆಸರನ್ನು ಗಳಿಸಿದುದೂ ಉಂಟು. 1882ರ ಜನವರಿಯಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಮತ್ತು ಅವರ ಸಹಭಾಗಿಗಳು ಹಲವು ಎಣ್ಣೆ ಕಂಪೆನಿಗಳ ಷೇರುಗಳನ್ನು 9 ಮಂದಿ ಟ್ರಸ್ಟಿಗಳ ಕೈಗೊಪ್ಪಿಸಿ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿ ಹಿಡಿದರು. ಅಲ್ಲಿಂದ ‘ಟ್ರಸ್ಟ್’ ಎಂದರೆ ಏಕಸ್ವಾಮ್ಯವೆಂಬ ಅರ್ಥ ಹಬ್ಬಿ, 1890ರಲ್ಲಿ ಅದರ ವಿರುದ್ಧ ಷರ್ಮನ್ ಕಾಯಿದೆ ಬಂದಿತು. ಅದೇ 1882ರಲ್ಲಿ ಭಾರತದಲ್ಲಿ ಖಾಸಗಿ ಟ್ರಸ್ಟುಗಳ ಕಾಯಿದೆಯಾಯಿತು. ನಂಬಿ ಒಪ್ಪಿಸಿದುದನ್ನು ಒಪ್ಪಿಕೊಂಡುದರಿಂದ ಒಡೆತನಕ್ಕೆ ಅಂಟಿಕೊಳ್ಳುವ ಬಾಧ್ಯತೆಯೇ ಟ್ರಸ್ಟ್ ಎಂದು ಅದು ನಿರೂಪಿಸಿತು. ಧಾರ್ಮಿಕ ದತ್ತಿಗಳು ಆ ಕಾಯಿದೆಯ ಹೊರಗಿದ್ದವು. 1920ರ ಇನ್ನೊಂದು ಕಾಯಿದೆಯು, ಸಾರ್ವಜನಿಕ ಧರ್ಮದತ್ತಿಯಲ್ಲಿ ಆಸಕ್ತಿಯುಳ್ಳ ಯಾರೇ ಆದರೂ ಅದರ ಲೆಕ್ಕಪತ್ರಕ್ಕಾಗಿ ನ್ಯಾಯಾಲಯವನ್ನು ಕೋರಬಹುದೆಂದಿತು.

ಗಾಂಧೀಜಿಯವರು ಇಂಗ್ಲಿಷ್ ನ್ಯಾಯಶಾಸ್ತ್ರದ ಅಧ್ಯಯನದಿಂದ ‘ಟ್ರಸ್ಟಿ’ ಪದದ ಮರ್ಮವನ್ನರಿತು, ಅದರ ಮೂಲಕ ಅಪರಿಗ್ರಹವನ್ನು ಅರ್ಥಮಾಡಿಕೊಂಡುದನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಪಾರ ಸಂಪತ್ತು ಕೈಯಲ್ಲಿದ್ದರೂ ಅದರಲ್ಲಿ ಅಣುಮಾತ್ರವೂ ತನ್ನದಲ್ಲವೆಂದು ನಡೆಯುವವನೇ ಟ್ರಸ್ಟಿ ಎಂಬುದು ಅವರ ತಿಳಿವು.

ಜೈನ ಸಮಾಜಕ್ಕೆ ಈ ವಿಚಾರ ಹೊಸದಲ್ಲ. ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಇರಿಸಿ, ಅವುಗಳ ಬಡ್ಡಿಯಿಂದ ಸೇವೆ ನಡೆಯುವಂತೆ ಮಾಡಿದ ದತ್ತಿಗಳು ಶ್ರವಣಬೆಳಗೊಳದ ಶಾಸನಗಳಲ್ಲಿವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ನ್ಯಾಸಾಪಹಾರ’ವನ್ನು ಒಂದು ಅತಿಚಾರವೆಂದು ಎಣಿಸಲಾಗಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅದು ಅಚೌರ್ಯವ್ರತದ ಅತಿಚಾರಗಳಲ್ಲಿ ಅಲ್ಲ, ಸತ್ಯವ್ರತದ ಅತಿಚಾರಗಳಲ್ಲಿ ಸೇರಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರ ಕಾರಣವನ್ನು ತಿಳಿಯಾಗಿಸಿದ್ದಾರೆ. ಹೊನ್ನನ್ನು ಇರಿಸಿದವನು ಎಷ್ಟಿರಿಸಿದೆನೆಂಬುದನ್ನು ಮರೆತು ಕಡಮೆ ಕೇಳಿದಾಗ, ಇರಿಸಿಕೊಂಡವನು ‘ಅಷ್ಟೇ’ ಎಂದು ಸಮ್ಮತಿಸುವುದೇ ನ್ಯಾಸಾಪಹಾರ. ಇಲ್ಲಿ ಅವನು ಬೀಗ ಮುರಿಯಲಿಲ್ಲ, ಕೈಯನ್ನೂ ಚಾಚಲಿಲ್ಲ. ಒಂದು ಮಾತಿನಿಂದಲೇ ದೋಷ ಸಂಭವಿಸಿತು.

ದಾನಿಗಳಲ್ಲಿ ಹೆಚ್ಚಿನವರು ಕೊಟ್ಟುದನ್ನು ಮರೆಯುತ್ತಾರೆ, ಕೆಲವರು ಗತಿಸಿರುತ್ತಾರೆ. ಕೇಳುವವರಿಲ್ಲದ ದತ್ತಿಯ ಪೂರ್ತಿ ಲೆಕ್ಕವನ್ನು ತಾನಾಗಿ ಹೇಳುವವನಲ್ಲಿ ಮಾತ್ರ ಆ ಪ್ರಾಚೀನ ಧಾತುವಿನ ದಾರ್ಢ್ಯವೂ ಸತ್ಯವೂ ಒಂದಾಗಿ ನಿಲ್ಲುತ್ತವೆ.