ಹಳೇ ಮನೆಯ ಲೆಕ್ಕ: ಗಾರೆ, ಸಿಮೆಂಟು ಮತ್ತು ಒಂದು ಪಿಯಾನೋ ಕಾಲು

ಬಸ್ಸಲ್ಲಿದ್ದೀರೋ, ಅಡುಗೆ ಮಾಡ್ತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಕಥೆ ಶುರುವಾಗೋದು ನಮ್ಮ ಮನೆಯಿಂದಲೇ.

ಎರಡು ವರ್ಷದ ಹಿಂದೆ ನಮ್ಮಕ್ಕ, ಭಾವ ಮೈಸೂರಿನಲ್ಲಿ ಒಂದು ಹಳೇ ಮನೆ ನೋಡಿದರು. ಮುಂದೆ ಮಂಗಳೂರು ಹೆಂಚು, ಒಳಗೆ ಕೆಂಪು ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ಒಂದು ಸಂಪಿಗೆ ಮರ. ಅಕ್ಕ ಮರ ನೋಡಿಯೇ ಸೋತಳು. ಬ್ರೋಕರ್ ಹೇಳಿದ್ದು, "ಸ್ವಲ್ಪ ಪೇಂಟ್, ಸ್ವಲ್ಪ ಪ್ಲಂಬಿಂಗ್, ಅಷ್ಟೇ." ಒಬ್ಬ ಕಂಟ್ರಾಕ್ಟರ್ ಬಂದು ಅರ್ಧ ಗಂಟೆ ಓಡಾಡಿ 9 ಲಕ್ಷ ಅಂತ ಒಂದು ಹಾಳೆ ಕೊಟ್ಟ. ರಿಪೇರಿಗೆ ಅಂತ ಅವರ ಕೈಯಲ್ಲಿದ್ದದ್ದು 12 ಲಕ್ಷ. ಆರಾಮು ಅನ್ನಿಸ್ತು.

ನನಗೆ ಆ ಹಾಳೆ ಮೇಲೇ ಕಣ್ಣು. ಉದ್ದ, ಅಗಲ, ದರ, ಮೊತ್ತ. ಈ ಕೋಷ್ಟಕ ಎಲ್ಲಿಂದ ಬಂತು ಗೊತ್ತಾ? ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, 1854ರಲ್ಲಿ, ಕಟ್ಟಡ, ರಸ್ತೆ, ಕಾಲುವೆ ಕೆಲಸಕ್ಕೆ ಪಿಡಬ್ಲ್ಯೂಡಿ ಅನ್ನೋ ಪ್ರತ್ಯೇಕ ಇಲಾಖೆ ಬಂತು. ಕೆಲಸಕ್ಕೆ ಮೊದಲು ಎಸ್ಟಿಮೇಟ್, ಅದಕ್ಕೆ ಮಂಜೂರಾತಿ, ಆಮೇಲೆ ದುಡ್ಡು. ಪ್ರತಿ ಐಟಂ ಅಳೆದು, ದರಪಟ್ಟಿಯ ದರಕ್ಕೆ ಗುಣಿಸಿ, ಕೂಡಿಸಿ, ಕೊನೆಗೆ ನೂರಕ್ಕೆ 3ರಿಂದ 5ರಷ್ಟು 'ಕಂಟಿಂಜೆನ್ಸಿ' ಸೇರಿಸು. ಇಂದಿಗೂ ಇಂಜಿನಿಯರಿಂಗ್ ಪಠ್ಯದಲ್ಲಿ ಇದೇ ಇದೆ.

ಒಳ್ಳೇ ಪದ್ಧತಿ, ಜಗಳ ಇಲ್ಲ. ಆದರೆ ಇದು ಹೊಸ ಗೋಡೆಗೆ ಸರಿ. ಇನ್ನೂ ಕಟ್ಟದ ಗೋಡೆಯ ಒಳಗೆ ಏನಿರುತ್ತೆ ಅಂತ ನಿಮಗೆ ಗೊತ್ತು, ಯಾಕಂದ್ರೆ ಹಾಕೋರು ನೀವೇ. ಹಳೇ ಗೋಡೆಯೊಳಗೆ ಏನಿದೆ ಅನ್ನೋದು ತೀರಿಹೋದ ಮೇಸ್ತ್ರಿಗೆ ಮಾತ್ರ ಗೊತ್ತು.

ಇದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಉದಾಹರಣೆ ಅಮೆರಿಕದ ಶ್ವೇತಭವನ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಮಗಳು ಮಾರ್ಗರೆಟ್‌ಳ ಪಿಯಾನೋದ ಒಂದು ಕಾಲು ನೆಲ ತೂತು ಮಾಡಿಕೊಂಡು ಕೆಳಗಿಳಿಯಿತು. ಇಂಜಿನಿಯರುಗಳು ತೆರೆದು ನೋಡಿದರೆ, ನೂರಕ್ಕೂ ಹೆಚ್ಚು ವರ್ಷದ ರಿಪೇರಿಗಳೇ ಮನೆಯನ್ನ ತಿಂದಿದ್ದವು. ನೀರಿನ ಪೈಪು ಬಂತು, ಮರದ ತೊಲೆ ಕೊರೆದರು. ಕರೆಂಟು ಬಂತು, ಮತ್ತೆ ಕೊರೆದರು. 1927ರಲ್ಲಿ ಮೇಲೆ ಉಕ್ಕು, ಕಾಂಕ್ರೀಟಿನ ಹೊಸ ಚಾವಣಿ ಕೂರಿಸಿದಾಗ ಅದರ ಭಾರವೆಲ್ಲ ಕೆಳಗಿನ ಹಳೇ ಗೋಡೆಗಳ ಮೇಲೆ. ಟ್ರೂಮನ್ ಕುಟುಂಬ ಎದುರಿನ ಬ್ಲೇರ್ ಹೌಸ್‌ಗೆ ಹೋಯಿತು. ಹೊರಗೋಡೆ ಮಾತ್ರ ಉಳಿಸಿ ಒಳಗೆ ಪೂರ್ತಿ ಬಗೆದು, ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಮಂಜೂರಾದದ್ದು 54 ಲಕ್ಷ ಡಾಲರ್. 1952ರ ಮಾರ್ಚ್‌ನಲ್ಲಿ ವಾಪಸ್ ಬರೋ ಹೊತ್ತಿಗೆ ಖರ್ಚು 57 ಲಕ್ಷ ದಾಟಿತ್ತು. ನನಗೆ ಇದರಲ್ಲಿ ಆಶ್ಚರ್ಯ ಏನು ಅಂದ್ರೆ, ಅಂಥ ಕೆಲಸದಲ್ಲಿ ಲೆಕ್ಕ ಇಷ್ಟೇ ತಪ್ಪಿದ್ದು! ಕಾರಣ ಸರಳ: ಮೊದಲು ತೆರೆದು ನೋಡಿದರು, ಆಮೇಲೆ ದುಡ್ಡು ಕೇಳಿದರು.

ಸರಿ, ಮೈಸೂರಿಗೆ ವಾಪಸ್ ಬರೋಣ. ಅಕ್ಕನಿಗೆ ಈ ಕಥೆ ಹೇಳಿದೆ. ಅವಳು ನಕ್ಕು, "ನಾನೇನು ಪ್ರೆಸಿಡೆಂಟ್ ಹೆಂಡ್ತಿನೇನೋ?" ಅಂದಳು. ಆದರೂ ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯನ್ನ ಕರೆಸಿದಳು.

ಈ 'ಗಾರೆ' ಅನ್ನೋ ಪದ ಗಮನಿಸಿ. ಇವತ್ತು ಸಿಮೆಂಟ್ ಕಲಸೋರನ್ನೂ ನಾವು ಗಾರೆ ಕೆಲಸದವರು ಅಂತೀವಿ. ಗಾರೆ ಅಂದ್ರೆ ಮೂಲದಲ್ಲಿ ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆದದ್ದು. ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೀರೂ ಹಾಕ್ತಿದ್ರು. ಸುಣ್ಣದ ಗೋಡೆ ತೇವ ಹೀರುತ್ತೆ, ಬಿಡುತ್ತೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಹೊರಗೆ ಬರೋಕೆ ದಾರಿ ಇಲ್ಲ. ಬಣ್ಣ ಉಬ್ಬುತ್ತೆ, ಉಪ್ಪು ಏಳುತ್ತೆ. ಜನ ಮತ್ತೆ ಪೇಂಟ್ ಹೊಡೀತಾರೆ, ಎರಡು ಮಳೆಗಾಲಕ್ಕೆ ಅದೇ ಕಥೆ.

ಮೇಸ್ತ್ರಿ ಸುತ್ತಿಗೆ ಹಿಡಿಯಿಂದ ಗೋಡೆ ತಟ್ಟುತ್ತಾ ಹೋದರು. ಮನೆ ಒಂದೇ ಕಾಲದ್ದಲ್ಲ ಅಂತ ಹತ್ತೇ ನಿಮಿಷಕ್ಕೆ ಗೊತ್ತಾಯ್ತು. ಮುಂಭಾಗ ಹೆಂಚಿನದು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಎಲ್ಲ ಕಡೆ ಹಬ್ಬಿತು. 100 ಚದರಡಿಗೆ ಸುಮಾರು 150 ಹೆಂಚು ಬೇಕು, ಆ ಲೆಕ್ಕ ಸುಲಭ. ನಡುವಿನ ಹಾಲ್‌ಗೆ ಮದ್ರಾಸ್ ತಾರಸಿ: ಸಾಲಾಗಿ ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಹಿಂದಿನ ಕೋಣೆ ಆರ್‌ಸಿಸಿ, ಪತ್ರಗಳ ಪ್ರಕಾರ 1970ರ ದಶಕದ್ದು.

ಆ ದಶಕ ಅಂದಾಗ ಮೇಸ್ತ್ರಿ ತಲೆ ಆಡಿಸಿದರು. "ಆವಾಗ ಸಿಮೆಂಟು ಪರ್ಮಿಟ್‌ದು ಅಮ್ಮಾವ್ರೆ. ಸಿಕ್ಕಿದ್ದರಲ್ಲೇ ಕಟ್ಟೋರು." ನಿಜ. ಸಿಮೆಂಟ್ ಮೇಲಿನ ಸರ್ಕಾರಿ ಹಿಡಿತ ಸಡಿಲ ಆಗಿದ್ದು 1982ರಲ್ಲಿ, ಪೂರ್ತಿ ಹೋಗಿದ್ದು 1989ರಲ್ಲಿ. ಈಗ ಅಂಗಡಿಗೆ ಫೋನ್ ಮಾಡಿದರೆ ಸಂಜೆಗೆ ಮೂಟೆ ಬರುತ್ತೆ. ಆಗಿನ ಎಲ್ಲ ಮನೆಯೂ ಕೆಟ್ಟದು ಅಂತಲ್ಲ, ಆದರೆ ಆ ಕಾಲದ ಸ್ಲ್ಯಾಬ್ ಕೆಳಗೆ ಬಿರುಕು, ತುಕ್ಕಿನ ಕಲೆ ಹುಡುಕದೆ ಲೆಕ್ಕ ಬರೀಬಾರದು.

ಮಾಲೀಕರ ಒಪ್ಪಿಗೆ ತಗೊಂಡು ಎರಡು ಕಡೆ ಬಿಚ್ಚಿ ನೋಡಿದೆವು. ಮೇಸ್ತ್ರಿ ಕೂಲಿ, ಮತ್ತೆ ಮುಚ್ಚೋ ಖರ್ಚು ಸೇರಿ ಕೆಲವೇ ಸಾವಿರ. ಹಾಲ್‌ನಲ್ಲಿ 11 ತೊಲೆ. ತೊಲೆ ನಡುವೆ ಗಟ್ಟಿಯಾಗೇ ಇರುತ್ತೆ, ಕೊಳೆಯೋದು ಗೋಡೆಯೊಳಗೆ ಕೂತ ತುದಿ. 3 ತೊಲೆಗಳ ತುದಿಗೆ ಮೊಳೆ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಗೆದ್ದಲು. ಕಂಟ್ರಾಕ್ಟರ್ ಹಾಳೆಯಲ್ಲಿ ಅಲ್ಲಿಗೆ 'ಸೀಲಿಂಗ್ ಪೇಂಟಿಂಗ್' ಅಂತ ಬರೆದಿತ್ತು.

ಅಕ್ಕ ಏನೂ ಮಾತಾಡಲಿಲ್ಲ. ಅವಳು ಯೋಚಿಸ್ತಿದ್ದದ್ದು ಏನು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು 4 ಜನ ಸತ್ತಿದ್ದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ರಿಪೇರಿ ಮಾಡಬಹುದು ಅನ್ನೋರು ಒಂದು ಕಡೆ, ಕೆಡವಿ ಅನ್ನೋರು ಇನ್ನೊಂದು ಕಡೆ, ವರ್ಷಗಟ್ಟಲೆ ವಾದ, ಕೊನೆಗೆ ಕೋರ್ಟು.

ಹೊಸ ಲೆಕ್ಕ ಹಾಕಿದೆವು. ತೊಲೆ ಬದಲಾವಣೆ, ಅದಕ್ಕೆ ಮುಂಚೆ ತಾರಸಿಗೆ ಊರೆ ಕೊಡೋದು, ಸಿಮೆಂಟ್ ಪ್ಲಾಸ್ಟರ್ ಕಿತ್ತು ಸುಣ್ಣ ಬಳಿಯೋದು, ಮರದ ಪಟ್ಟಿಯೊಳಗಿನ ಹಳೇ ವೈರಿಂಗ್ ಪೂರ್ತಿ ಹೊಸದು, ಒಳಗೆ ತುಕ್ಕು ಕಟ್ಟಿದ ಜಿಐ ಪೈಪು ಬದಲು. ಯಾವ ಎಸ್ಟಿಮೇಟ್‌ನಲ್ಲೂ ಮರೆತೇ ಹೋಗೋ ಒಂದು ಐಟಂ ಇದೆ: ಕೆಡವಿದ ಮಣ್ಣು, ಇಟ್ಟಿಗೆ ಸಾಗಿಸೋ ಟ್ರ್ಯಾಕ್ಟರ್ ಬಾಡಿಗೆ. ಮೊತ್ತ 15.5 ಲಕ್ಷ.

ಭಾವ ಮನೆ ಬೇಡ ಅಂದರು. ಎರಡು ದಿನ ಮನೆಯಲ್ಲಿ ಮಾತೇ ಇಲ್ಲ. ಆಮೇಲೆ ಅಕ್ಕನೇ ತೊಲೆ ತುದಿಯ ಫೋಟೋ ಹಿಡ್ಕೊಂಡು ಮಾಲೀಕರ ಹತ್ತಿರ ಹೋದಳು. ಅವರು ಹಿರಿಯರು, ಬೇಜಾರಾದರು, ಆದರೆ ಫೋಟೋ ಸುಳ್ಳಲ್ಲ ಅಂತ ಒಪ್ಪಿದರು. ಬೆಲೆಯಲ್ಲಿ 4 ಲಕ್ಷ ಇಳಿಸಿದರು. ಆ 4, ಕೈಯಲ್ಲಿದ್ದ 12 ಸೇರಿ 16. ಸ್ಲ್ಯಾಬ್‌ಗೆ ತಕ್ಷಣದ ಅಪಾಯ ಇಲ್ಲ ಅಂತ ಇಂಜಿನಿಯರ್ ಬರೆದುಕೊಟ್ಟ ಮೇಲೆ ಹಿಂದಿನ ಕೋಣೆಯ 2 ಲಕ್ಷದ ಕೆಲಸ ಮುಂದಕ್ಕೆ ಹಾಕಿದರು. ಹಾಗಾಗಿ 2.5 ಲಕ್ಷ ಕೈಯಲ್ಲಿ ಉಳೀತು. ಅದರಲ್ಲಿ ಒಂದೂವರೆ ಲಕ್ಷ, ನಾವ್ಯಾರೂ ಊಹಿಸದ ಬಚ್ಚಲಿನ ಕೆಳಗಿನ ಒಡೆದ ಚರಂಡಿ ನುಂಗಿತು.

ಹಿಂದಿನ ಕೋಣೆ ಇನ್ನೂ ಹಾಗೇ ಇದೆ. ಅಲ್ಲಿ ಈಗ ಮಿಕ್ಕಿದ ಹೆಂಚು ಜೋಡಿಸಿಟ್ಟಿದ್ದಾರೆ, ಪಕ್ಕದಲ್ಲಿ ಭಾವನ ಸ್ಕೂಟರ್.